ಮಳೆಗಾಲದ ಬೆಳಗಿಗೆ ಹೂರಣ ತುಂಬಿದ ಆಮ್ಲೇಟು



ಜೂನ್ 1 ಬಂತೆಂದರೆ ಕಾರವಾರದ ಬೈತಖೋಲದಲ್ಲಿಯೂ ಅಂಕೋಲೆಯ ಬೇಲೇಕೇರಿಯಲ್ಲಿಯೂ ಯಾಂತ್ರಿಕ ದೋಣಿಗಳು ದಡ ಸೇರುತ್ತವೆ. ಮೀನಿನ ಸಂತಾನ ಬೆಳೆಯಲೆಂದು ಜುಲೈ 31ರ ವರೆಗೆ, ಅಂದರೆ 61 ದಿವಸ, ಅವು ಕಡಲಿಗೆ ಇಳಿಯುವಂತಿಲ್ಲ. ಪೇಟೆಯಲ್ಲಿ ಹಸಿ ಮೀನು ಕಡಿಮೆಯಾಗುತ್ತದೆ, ಇದ್ದುದರ ಬೆಲೆ ಏರುತ್ತದೆ. ಮಧ್ಯಾಹ್ನದ ಊಟದಲ್ಲಿ ಈ ಕೊರತೆ ಎಲ್ಲರಿಗೂ ತಿಳಿಯುತ್ತದೆ. ಬೆಳಗಿನ ಕೊರತೆಯನ್ನು ಮಾತ್ರ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಎಷ್ಟೋ ಮನೆಗಳಲ್ಲಿ ಮಗು ಚಹಾ ಬಿಸ್ಕೀಟಿನ ಮೇಲೆ ಶಾಲೆಗೆ ಹೋಗುತ್ತದೆ. ಸಸಿ ನೆಡಲು ಗದ್ದೆಗೆ ಹೋಗುವ ತಾಯಿ ಬಿಸ್ಕೀಟನ್ನೂ ಮುಟ್ಟುವುದಿಲ್ಲ.

ಶಾಲೆಯಲ್ಲಿ ಮೊಟ್ಟೆ ಕೊಡುತ್ತಾರಲ್ಲ ಎಂದು ನೀವು ಕೇಳಬಹುದು. ನಿಜ, ನಮ್ಮ ರಾಜ್ಯದಲ್ಲಿ 2024ರಲ್ಲಿ ಅದನ್ನು ವಾರಕ್ಕೆ 6 ದಿನಗಳಿಗೆ ಏರಿಸಲಾಯಿತು. ಆದರೆ ಅದು ಸಿಗುವುದು ಮಧ್ಯಾಹ್ನ. ತಾಯಿಗಂತೂ ಶಾಲೆಯ ಮೊಟ್ಟೆ ಇಲ್ಲವಷ್ಟೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 15ರಿಂದ 49 ವರ್ಷದ ಹೆಂಗಸರಲ್ಲಿ 100ಕ್ಕೆ 57 ಮಂದಿಗೆ ರಕ್ತಹೀನತೆ ಕಂಡುಬಂತು. ಆದುದರಿಂದ ಈ ಪಾಠವನ್ನು ಮಕ್ಕಳಿಗಾಗಿ ಮಾತ್ರವಲ್ಲ, ನಿಮಗಾಗಿಯೂ ಓದಿರಿ.

ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಸಸಾರಜನಕವಿದೆ. ಪ್ರಾಯದ ಹೆಂಗಸಿಗೆ ದಿನಕ್ಕೆ ಬೇಕಾದುದು ಸುಮಾರು 46 ಗ್ರಾಂ. ಎ, ಡಿ ಮತ್ತು ಬಿ-12 ಜೀವಸತ್ವಗಳೂ ಮೊಟ್ಟೆಯಲ್ಲಿವೆ. ಆದರೆ ಮೊಟ್ಟೆಯೊಂದೇ ಎಲ್ಲವನ್ನೂ ಕೊಡುತ್ತದೆಂದು ತಿಳಿಯಬಾರದು. ಅದರಲ್ಲಿ ಸಿ ಜೀವಸತ್ವವಿಲ್ಲ, ಕಬ್ಬಿಣಾಂಶವಿದ್ದರೂ ದೇಹ ಅದನ್ನು ಸುಲಭವಾಗಿ ಹೀರಿಕೊಳ್ಳುವುದಿಲ್ಲ. ಒಳಗೆ ಹೂರಣ ತುಂಬುವುದು ರುಚಿಗೂ ಹೊಟ್ಟೆ ತುಂಬುವುದಕ್ಕೂ ಹೌದು, ಈ ಕೊರತೆಯನ್ನು ನೀಗುವುದಕ್ಕೂ ಹೌದು.

ಇಬ್ಬರಿಗೆ ಬೇಕಾದುದು: ಮೊಟ್ಟೆ 3, ಒಣ ಶೆಟ್ಲಿ ಒಂದು ಸಣ್ಣ ಮುಷ್ಟಿ, ಹೆಚ್ಚಿದ ಸೊಪ್ಪು ಎರಡು ಮುಷ್ಟಿ, ನೀರುಳ್ಳಿ 1, ಹಸಿಮೆಣಸು 1, ತೆಂಗಿನ ತುರಿ 2 ಚಮಚ, ಅರಿಸಿನ ಚಿಟಿಕೆ, ಕೊಬ್ಬರಿ ಎಣ್ಣೆ 3 ಸಣ್ಣ ಚಮಚ, ಅರ್ಧ ಲಿಂಬೆಹಣ್ಣು. ಊರ ಕೋಳಿಯ ಮೊಟ್ಟೆ ಚಿಕ್ಕದಾದುದರಿಂದ 4 ತೆಗೆದುಕೊಳ್ಳಿರಿ. ಚಿಪ್ಪು ಕೆಂಪಾದರೆ ಸತ್ವ ಹೆಚ್ಚು ಎಂಬ ಮಾತಿಗೆ ಆಧಾರವಿಲ್ಲ, ಅದಕ್ಕಾಗಿ ಹೆಚ್ಚು ಹಣ ಕೊಡಬೇಡಿ. ಸೊಪ್ಪು ನುಗ್ಗೆಯದಾಗಬಹುದು, ಹರಿವೆಯದಾಗಬಹುದು. ಮೊದಲ ಮಳೆಗೆ ಬೇಲಿಯ ಬುಡದಲ್ಲಿ ತಾನಾಗಿ ಏಳುವ ತಗಟೆಯ ಎಳೆಗುಡಿಯೂ ಆದೀತು. ಕಾರವಾರದ ಕೊಂಕಣಿ ಮನೆಗಳಲ್ಲಿ ತಾಯ್ಕಿಳೊ ಎನ್ನುವುದು ಇದನ್ನೇ. ಬೇಸಗೆಯಲ್ಲಿ ಹೆದ್ದಾರಿಯ ಪಕ್ಕದಲ್ಲಿ ಕೊಂಡು ಅಟ್ಟಕ್ಕೆ ತೂಗುಹಾಕಿದ ಕುಮಟೆಯ ಸಿಹಿ ನೀರುಳ್ಳಿಯ ಗೊಂಚಲು ಉಳಿದಿದ್ದರೆ ಅದಕ್ಕಿಂತ ಒಳ್ಳೆಯದು ಬೇರೆ ಬೇಡ.

ಮೊಟ್ಟೆಯನ್ನು ತಂದೊಡನೆ ತೊಳೆದಿಡುವ ರೂಢಿ ಸರಿಯಲ್ಲ. ಚಿಪ್ಪಿನಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿವೆ, ಅವುಗಳ ಮೇಲೆ ತೆಳುವಾದ ಪೊರೆಯಿದೆ. ತೊಳೆದರೆ ಆ ಪೊರೆ ಹೋಗಿ ರೋಗಾಣು ಒಳಹೊಗಲು ದಾರಿಯಾಗುತ್ತದೆ. ಒಣ ಬಟ್ಟೆಯಿಂದ ಒರೆಸಿಟ್ಟು, ಒಡೆಯುವ ಮುಂಚೆ ತೊಳೆಯಿರಿ. ಹುಲ್ಲಿನ ಕುತ್ರೆಯ ಮೂಲೆಯಲ್ಲಿ ಸಿಕ್ಕಿದ, ಎಂದು ಇಟ್ಟದ್ದೆಂದು ತಿಳಿಯದ ಮೊಟ್ಟೆಯನ್ನು ನೀರಿನಲ್ಲಿ ಬಿಟ್ಟು ನೋಡಿರಿ. ಹಳೆಯದಾದಂತೆ ಒಳಗಿನ ಗಾಳಿಯ ಕೋಶ ದೊಡ್ಡದಾಗುವುದರಿಂದ ಅದು ತೇಲುತ್ತದೆ. ತೇಲಿದ್ದನ್ನು ಬಿಟ್ಟುಬಿಡಿರಿ. ಒಂದೊಂದನ್ನೂ ಬೇರೆ ಬಟ್ಟಲಲ್ಲಿ ಒಡೆದು, ವಾಸನೆ ನೋಡಿ, ಆಮೇಲೆ ಕೂಡಿಸಿರಿ. ಒಂದು ಕೆಟ್ಟದ್ದು ಉಳಿದೆರಡನ್ನು ಹಾಳುಮಾಡುವುದು ಬೇಡ.

ಈಗ ಹೂರಣ. ಕೆಲಸದ ಜೀವಾಳ ಇಲ್ಲಿದೆ. ಶೆಟ್ಲಿಯ ತಲೆ, ಕಾಲು ಮುರಿದು ಒಣ ಕಾವಲಿಯ ಮೇಲೆ ಗರಿಗರಿಯಾಗಿ ಹುರಿಯಿರಿ. ಕೈಯಲ್ಲಿ ತಿಕ್ಕಿ ಮೊರದಲ್ಲಿ ಕೇರಿದರೆ ಸಿಪ್ಪೆಯೂ ಮರಳೂ ಹೋಗುತ್ತವೆ. ಬೇಗನೆ ಒಮ್ಮೆ ತೊಳೆದು ಹಿಂಡಿ ಇಡಿರಿ. 2 ಚಮಚ ಎಣ್ಣೆಯಲ್ಲಿ ನೀರುಳ್ಳಿ, ಮೆಣಸು ಬಾಡಿಸಿ, ಶೆಟ್ಲಿ, ಅರಿಸಿನ, ಸೊಪ್ಪು ಹಾಕಿ ತೆರೆದ ಪಾತ್ರೆಯಲ್ಲಿಯೇ ಬೇಯಿಸಿರಿ. ಸೊಪ್ಪು ಬಿಟ್ಟ ನೀರೆಲ್ಲ ಇಂಗಬೇಕು. ನೀರು ಉಳಿದರೆ ಆಮ್ಲೇಟು ಒಳಗಿನಿಂದ ಒದ್ದೆಯಾಗಿ ಹರಿಯುತ್ತದೆ, ಮಗುಚುವಾಗ ಮುರಿಯುತ್ತದೆ. ಕೊನೆಗೆ ತೆಂಗಿನ ತುರಿ ಸೇರಿಸಿ ಇಳಿಸಿರಿ. ಶೆಟ್ಲಿಯಲ್ಲಿ ಉಪ್ಪಿರಬಹುದು, ಆದುದರಿಂದ ರುಚಿ ನೋಡದೆ ಉಪ್ಪು ಹಾಕಬೇಡಿ.

ಮೊಟ್ಟೆಗೆ ಚಿಟಿಕೆ ಉಪ್ಪು ಹಾಕಿ, ಬಿಳಿಯ ಎಳೆ ಕಾಣದಂತೆ ಕದಡಿರಿ. ಕಾವಲಿಗೆ ಉಳಿದ ಎಣ್ಣೆ ಸವರಿ, ಉರಿ ಸಣ್ಣದು ಮಾಡಿ ಹೊಯ್ಯಿರಿ. ದೋಸೆಯ ಉರಿ ಇದಕ್ಕೆ ಸಲ್ಲದು. ಮೊಟ್ಟೆಯ ಬಿಳಿ ಸುಮಾರು 62 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿಯೇ ಗಟ್ಟಿಯಾಗತೊಡಗುತ್ತದೆ. ಹೆಚ್ಚು ಕಾಯಿಸಿದರೆ ಬಿಗಿದುಕೊಂಡು ಇದ್ದ ನೀರನ್ನೂ ಹಿಂಡಿಬಿಡುತ್ತದೆ, ಚಕ್ಕಳದಂತಾಗುತ್ತದೆ. ಅಂಚು ಎದ್ದು ಮೇಲ್ಭಾಗ ಇನ್ನೂ ತುಸು ಹಸಿಯಾಗಿರುವಾಗ ಅರ್ಧ ಭಾಗದ ಮೇಲೆ ಹೂರಣ ಹರಡಿ, ಉಳಿದರ್ಧವನ್ನು ಸಟ್ಟುಗದಿಂದ ಮಡಚಿರಿ. ಮುಚ್ಚಳ ಹಾಕಿ 2 ನಿಮಿಷ, ಮಗುಚಿ ಇನ್ನೊಂದು ನಿಮಿಷ. ಒತ್ತಿದರೆ ಹಸಿ ರಸ ಬರಬಾರದು. ಮಕ್ಕಳಿಗೂ ಬಸುರಿಯರಿಗೂ ಅರೆಬೆಂದ ಮೊಟ್ಟೆ ಕೊಡಲೇಬಾರದು.

ಲಿಂಬೆಯನ್ನು ಒಲೆಯಿಂದ ಇಳಿಸಿದ ಮೇಲೆ ಹಿಂಡಿರಿ, ಕಾಯಿಸಿದರೆ ಅದರ ಸಿ ಜೀವಸತ್ವ ನಷ್ಟವಾಗುತ್ತದೆ. ಸೊಪ್ಪಿನ ಕಬ್ಬಿಣಾಂಶ ಮೈಗೆ ಹತ್ತುವುದು ಈ ಹುಳಿಯಿಂದ. ಚಹಾದ ಒಗರು ಇದಕ್ಕೆ ತದ್ವಿರುದ್ಧ. ಚಹಾ ಬಿಡಿರೆಂದರೆ ನಮ್ಮ ಸೀಮೆಯಲ್ಲಿ ಯಾರು ಕೇಳಿಯಾರು? ತಿಂದು ಒಂದು ತಾಸಾದ ಮೇಲೆ ಕುಡಿಯಿರಿ, ಸಾಕು.

ಕುಚ್ಚಲಕ್ಕಿ ಗಂಜಿಯೊಡನೆ ಇದು ಚೆನ್ನಾಗಿ ಹೊಂದುತ್ತದೆ. ಅಕ್ಕಿ ರೊಟ್ಟಿ, ಪಾವು ಕೂಡ ಆಗಬಹುದು. ಪಕ್ಕದ ಗೋವೆಯಲ್ಲಿ ಆಮ್ಲೇಟಿನ ಮೇಲೆ ಕೋಳಿಯ ರಸ ಸುರಿದು ಪಾವಿನೊಡನೆ ಕೊಡುತ್ತಾರೆ. ನಿನ್ನೆಯ ರಸವನ್ನು ಹಾಗೆ ಬಳಸುವುದಾದರೆ ಚೆನ್ನಾಗಿ ಕುದಿಸಿರಿ. ಬಡಿಸುವ ಮುಂಚೆ ಸಟ್ಟುಗದಿಂದ ಎರಡು ಭಾಗ ಮಾಡಿ, ನಿಮ್ಮ ಪಾಲನ್ನು ಬೇರೆ ತಾಟಿನಲ್ಲಿ ತೆಗೆದಿಡಿರಿ. ಆಮೇಲೆ ಉಳಿದರೆ ತಿಂದೇನು ಎಂದರೆ ಉಳಿಯುವುದಿಲ್ಲ.

ಶೆಟ್ಲಿ ತಿಂದರೆ ಮೈ ತುರಿಸುವವರು, ಬಾವು ಬರುವವರು ಇದ್ದಾರೆ. ಅವರಿಗೆ ಅದರ ಬದಲು ರಾತ್ರಿ ನೆನೆಸಿ ಬೇಯಿಸಿದ ಹೆಸರುಕಾಳು ಒಂದು ಮುಷ್ಟಿ ಹಾಕಿರಿ. ಅದರ ನೀರನ್ನೂ ಪೂರ್ತಿ ಬಸಿದಿರಬೇಕು.