ಬೋರ್ ಎಂದರೆ ಸಾಲದು

ದೊಡ್ಡ ಹೆಸರಿನ ಹಳೆಯ ಸಿನಿಮಾ ನೋಡಿ ಹೊರಬರುವ ಹುಡುಗ ಹುಡುಗಿಯರನ್ನು "ಹೇಗಿತ್ತು?" ಎಂದು ಕೇಳಿ ನೋಡಿದ್ದೇನೆ. ಮೊದಲು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಒಬ್ಬ "ಮಾಸ್ಟರ್‌ಪೀಸ್ ಸಾರ್" ಎಂದರೆ ಉಳಿದವರು ಹೂಂ ಎನ್ನುತ್ತಾರೆ. ಗುಂಪಿನಲ್ಲಿ ಸ್ವಲ್ಪ ಗಟ್ಟಿ ದನಿಯವನು "ಓವರ್‌ರೇಟೆಡ್" ಎಂದನೋ, ಅದಕ್ಕೂ ಹೂಂ. ಈ ಎರಡು ಉತ್ತರಕ್ಕೂ ಸಿನಿಮಾ ನೋಡಲೇಬೇಕೆಂದಿಲ್ಲ ಮಕ್ಕಳೇ. ಹೊರಗಿನ ಪೋಸ್ಟರ್ ಓದಿಕೊಂಡರೂ ಸಾಕು.

ನಿದ್ದೆ ಬಂದಿದ್ದರೆ ಬಂತು ಅನ್ನಿ. ಅದರಲ್ಲಿ ನಾಚಿಕೆ ಪಡುವಂಥದ್ದೇನಿದೆ? 'ಸಾರ್ವಕಾಲಿಕ ಶ್ರೇಷ್ಠ' ಎಂಬ ಪೇಟ ತೊಡಿಸಿದವರೂ ನಮ್ಮ ನಿಮ್ಮಂಥ ಮನುಷ್ಯರೇ, ಅವರ ಮನಸ್ಸೂ ಬದಲಾಗುತ್ತದೆ. ಬ್ರಿಟನ್ನಿನ 'ಸೈಟ್ ಅಂಡ್ ಸೌಂಡ್' ಪತ್ರಿಕೆ ಹತ್ತು ವರ್ಷಕ್ಕೊಮ್ಮೆ ವಿಮರ್ಶಕರನ್ನು ಕೇಳಿ ಶ್ರೇಷ್ಠ ಚಿತ್ರಗಳ ಪಟ್ಟಿ ಮಾಡುತ್ತದೆ. 1952ರಲ್ಲಿ ಮೊದಲ ಸ್ಥಾನ 'ಬೈಸಿಕಲ್ ಥೀವ್ಸ್'ಗೆ. 1962ರಿಂದ 2002ರ ಪಟ್ಟಿಯವರೆಗೂ ಆ ಜಾಗದಿಂದ 'ಸಿಟಿಜನ್ ಕೇನ್' ಅಲುಗಾಡಲಿಲ್ಲ. 2012ರಲ್ಲಿ ಹಿಚ್‌ಕಾಕನ 'ವರ್ಟಿಗೊ' ಮೇಲೆ ಬಂತು. 1958ರಲ್ಲಿ ತೆರೆಕಂಡಾಗ ಅದಕ್ಕೆ ಸಿಕ್ಕಿದ್ದು ತಣ್ಣಗಿನ ಸ್ವಾಗತ. ನಮ್ಮ ರಾಮನಗರದ ಬಂಡೆಗಳ ನಡುವೆ ತೆಗೆದ 'ಶೋಲೆ'ಯನ್ನೂ 1975ರಲ್ಲಿ ಮೊದಮೊದಲು ಎಷ್ಟೋ ವಿಮರ್ಶಕರು ಒಪ್ಪಲಿಲ್ಲ. ಇನ್ನು ಪುಟ್ಟಣ್ಣ ಕಣಗಾಲರ 'ನಾಗರಹಾವು' ನೋಡಿ ನಾಡೇ ಹುಚ್ಚೆದ್ದಾಗ, ಮೂಲ ಕಾದಂಬರಿ ಬರೆದ ತ.ರಾ.ಸು. ಅವರಿಗೇ ಚಿತ್ರ ಒಪ್ಪಿಗೆಯಾಗಿರಲಿಲ್ಲ. ಅವರ ಬೇಸರದಿಂದ ಚಿತ್ರದ ನಾಯಕ ರಾಮಾಚಾರಿಗೆ ನಷ್ಟವೇನೂ ಆಗಲಿಲ್ಲ. ರಾಮಾಚಾರಿ ಗೆದ್ದನೆಂದು ಅವರ ಬೇಸರ ಸುಳ್ಳೂ ಆಗಲಿಲ್ಲ.

ಹಾಗಂತ "ಬೋರ್" ಎಂದು ಹೇಳಿ ಎದ್ದು ಹೋಗಬೇಡಿ. ಎಲ್ಲಿ ಬೋರಾಯಿತು, ಯಾವ ದೃಶ್ಯದಲ್ಲಿ ಕೈ ಫೋನಿನ ಕಡೆ ಹೋಯಿತು, ಅದನ್ನು ಹೇಳಿ. ನಿಮ್ಮ ಅಭಿಪ್ರಾಯಕ್ಕೆ ಬೆಲೆ ಬರುವುದು ಅಲ್ಲಿಂದ.

'ಸೈಟ್ ಅಂಡ್ ಸೌಂಡ್'ನ 2022ರ ಪಟ್ಟಿಯಲ್ಲಿ ಮೊದಲು ನಿಂತದ್ದು ಬೆಲ್ಜಿಯಂನ ಷಾಂಟಾಲ್ ಅಕರ್ಮನ್ 1975ರಲ್ಲಿ ಮಾಡಿದ 'ಝಾನ್ ಡೀಲ್ಮನ್'. ಆಗ ಆಕೆಗೆ 25ರ ಆಸುಪಾಸು, ಅಂದರೆ ನಿಮ್ಮದೇ ವಾರಿಗೆ. ಮೂರು ಗಂಟೆಗೂ ಮಿಕ್ಕಿದ ಸಿನಿಮಾ. ಬ್ರಸೆಲ್ಸ್‌ನ ಒಂದು ಫ್ಲ್ಯಾಟಿನಲ್ಲಿ ವಿಧವೆಯೊಬ್ಬಳು ಮಗನೊಂದಿಗೆ ಕಳೆಯುವ ಮೂರು ದಿನಗಳ ಕಥೆ. ಹಾಸಿಗೆ ಮಡಚುತ್ತಾಳೆ, ಪಾತ್ರೆ ತೊಳೆಯುತ್ತಾಳೆ, ಒಂದು ಕೋಣೆಯಿಂದ ಹೊರಡುವಾಗ ದೀಪ ಆರಿಸಿ ಇನ್ನೊಂದು ಕೋಣೆಯಲ್ಲಿ ಹಚ್ಚುತ್ತಾಳೆ. ಮಧ್ಯಾಹ್ನ ಒಬ್ಬ ಗಿರಾಕಿ ಬರುತ್ತಾನೆ, ಹೋಗುತ್ತಾನೆ, ಅವನು ಕೊಟ್ಟ ಹಣ ಊಟದ ಮೇಜಿನ ಮೇಲಿನ ಪಿಂಗಾಣಿ ಪಾತ್ರೆಯೊಳಗೆ ಬೀಳುತ್ತದೆ. ಕ್ಯಾಮೆರಾ ನಿಂತ ಜಾಗದಿಂದ ಕದಲುವುದಿಲ್ಲ. ಇಂಥದ್ದನ್ನು ಅರ್ಧ ಗಂಟೆ ನೋಡಿದ ಮೇಲೆ ಆಕಳಿಸದವನು ಸುಳ್ಳುಗಾರ.

ಎರಡನೆಯ ದಿನ ಆಲೂಗಡ್ಡೆ ಹೆಚ್ಚು ಬೆಂದುಹೋಗುತ್ತದೆ. ಅಷ್ಟೇ. ಆಕೆ ಪಾತ್ರೆ ಹಿಡಿದುಕೊಂಡು ಎಲ್ಲಿ ಚೆಲ್ಲಬೇಕೆಂದು ತೋಚದೆ ಮನೆಯೊಳಗೆ ಅತ್ತಿಂದಿತ್ತ ಓಡಾಡುತ್ತಾಳೆ. ಅಂಗಡಿಗೆ ಹೋಗಿ ಮತ್ತೆ ಆಲೂಗಡ್ಡೆ ತಂದು, ಕೂತು ಸಿಪ್ಪೆ ಹೆರೆಯುತ್ತಾಳೆ. ಕೈ ಅದೇ, ಚಾಕು ಅದೇ, ಆದರೆ ಹಿಂದಿನ ದಿನದ ಲಯ ತಪ್ಪಿದೆ. ಮೊದಲ ದಿನದ ಅಡಿಗೆಯನ್ನು ನೀವು ಆಕಳಿಸುತ್ತಲಾದರೂ ನೋಡಿದ್ದರೆ ಇಲ್ಲಿ ನಿಮ್ಮ ಎದೆ ಹೊಡೆದುಕೊಳ್ಳುತ್ತದೆ. ಅದನ್ನು ಓಡಿಸಿ ಬಿಟ್ಟಿದ್ದರೆ ಕಾಣುವುದು ಸಿಪ್ಪೆ ಮಾತ್ರ. ನನ್ನ ಅನುಮಾನವೊಂದಿದೆ: ನಮಗಾಗುವ ಆ ಬೇಸರ ಸಿನಿಮಾದ್ದಲ್ಲ. ಮನೆಯಲ್ಲಿ ತಾಯಿ ಈರುಳ್ಳಿ ಹೆಚ್ಚುವುದನ್ನು ನಾವು ಯಾರೂ ಸುಮ್ಮನೆ ಕೂತು ಮೂರು ನಿಮಿಷ ನೋಡಿದವರಲ್ಲ.

ಒಂದೂವರೆ ಪಟ್ಟು ವೇಗದಲ್ಲಿ ನೋಡುವ ಚಾಳಿಯನ್ನು ಇದಕ್ಕೇ ಬೇಡವೆನ್ನುವುದು. ತುಣುಕು ನೋಡಿ ಪೂರ್ತಿ ನೋಡಿದಂತೆ ಮಾತಾಡುವುದೂ ಅದೇ ಜಾತಿ. ಸತ್ಯಜಿತ್ ರಾಯ್ ಅವರ 'ಪಥೇರ್ ಪಾಂಚಾಲಿ'ಯಲ್ಲಿ ಅಕ್ಕ ದುರ್ಗಾ, ತಮ್ಮ ಅಪು ಬಿಳಿ ಹೂವಿನ ಹುಲ್ಲಿನ ನಡುವೆ ರೈಲು ನೋಡಲು ಓಡುವ ದೃಶ್ಯ ಎಲ್ಲರ ಫೋನಿನಲ್ಲೂ ಇದೆ. ಚಂದವೇನೋ ಹೌದು. ಆದರೆ ನನ್ನನ್ನು ಹಿಡಿದು ಅಲ್ಲಾಡಿಸಿದ್ದು ಬೇರೆಯೇ ದೃಶ್ಯ. ದುರ್ಗಾ ಮಣಿಸರ ಕದ್ದಳೆಂದು ಪಕ್ಕದ ಮನೆಯವರು ಜಗಳ ತೆಗೆದಿರುತ್ತಾರೆ, ಆಕೆ ಇಲ್ಲವೆಂದಿರುತ್ತಾಳೆ, ತಾಯಿ ಜುಟ್ಟು ಹಿಡಿದು ಹೊಡೆದಿರುತ್ತಾಳೆ. ದುರ್ಗಾ ಸತ್ತ ಮೇಲೆ, ಊರು ಬಿಡುವ ಗಡಿಬಿಡಿಯಲ್ಲಿ ಸಾಮಾನು ತೆಗೆಯುವಾಗ ಆ ಸರ ಅಪುವಿನ ಕೈಗೆ ಸಿಗುತ್ತದೆ. ಯಾರಿಗೂ ಹೇಳದೆ ಹೋಗಿ ಕೊಳಕ್ಕೆ ಎಸೆಯುತ್ತಾನೆ. ಪಾಚಿ ಒಂದು ಕ್ಷಣ ಬಿರಿದು ಮತ್ತೆ ಕೂಡಿಕೊಳ್ಳುತ್ತದೆ. ಹುಡುಗನ ಬಾಯಲ್ಲಿ ಒಂದು ಮಾತೂ ಇಲ್ಲ. ಈ ತುಣುಕನ್ನು ಮಾತ್ರ ನೋಡಿದವನಿಗೆ ಒಬ್ಬ ಹುಡುಗ ನೀರಿಗೆ ಏನನ್ನೋ ಎಸೆದಂತೆ ಕಾಣುತ್ತದೆ.

ನನಗೂ ಒಗ್ಗದ ಶ್ರೇಷ್ಠಗಳು ಇವೆ. 'ಸಿಟಿಜನ್ ಕೇನ್' ನೋಡುವಾಗ ಆರ್ಸನ್ ವೆಲ್ಸ್‌ನ ಜಾಣತನಕ್ಕೆ ತಲೆದೂಗುತ್ತೇನೆ, ಆದರೆ ಕೇನ್ ಸಾಯುವಾಗ ನನಗೇನೂ ಆಗುವುದಿಲ್ಲ. 'ಬಂಗಾರದ ಮನುಷ್ಯ'ದ ಕೊನೆಯಲ್ಲಿ, ಅನ್ನದ ಮುಂದೆ ಕೂತಾಗ ಬಂದ ಚುಚ್ಚು ಮಾತಿಗೆ ನಾಯಕ ರಾಜೀವ ಎದ್ದು, ಎಲ್ಲವನ್ನೂ ಬಿಟ್ಟು ಹೊರಟೇಹೋಗುತ್ತಾನಲ್ಲ, ಅದು ನನಗೆ ಸಿಟ್ಟು ತರಿಸುತ್ತದೆ. ತಾನೇ ಹಸನು ಮಾಡಿದ ನೆಲದ ಮೇಲೆ ನಿಂತು ಎರಡು ಮಾತಾಡಬಾರದಿತ್ತೇ ಎನಿಸುತ್ತದೆ. 1972ರಲ್ಲಿ ಅದೇ ದೃಶ್ಯಕ್ಕೆ ಟಾಕೀಸಿಗೆ ಟಾಕೀಸೇ ಅತ್ತಿತು. ಅಳುವವರ ಪಕ್ಕದಲ್ಲಿ ಕೂತು ಸಿಟ್ಟಾಗಿರುವುದೂ ಒಂದು ಅನುಭವವೇ. ನಿಮ್ಮ ಅಜ್ಜಿ ಇವತ್ತಿಗೂ ಆ ಚಿತ್ರದ ಹಾಡುಗಳಿಗೆ ಕಣ್ಣೊರೆಸಿಕೊಂಡರೆ ನಗಬೇಡಿ. ನೀವೂ ಅಳಲೇಬೇಕೆಂದು ಚಿಕ್ಕಪ್ಪ ಹಟ ಹಿಡಿದರೆ ಅಳುವ ನಾಟಕವನ್ನೂ ಆಡಬೇಡಿ.

ಸಣ್ಣದೊಂದು ಅಭ್ಯಾಸ ಹೇಳುತ್ತೇನೆ, ಖರ್ಚಿಲ್ಲದ್ದು. ಸಿನಿಮಾ ಮುಗಿದ ರಾತ್ರಿ, ಬೇರೆಯವರ ವಿಮರ್ಶೆ ತೆರೆಯುವ ಮುಂಚೆ, ನಾಲ್ಕು ಸಾಲು ಬರೆದಿಡಿ. ನಕ್ಷತ್ರ ಕೊಡಬೇಡಿ. ಯಾರ ಪಕ್ಕ ನಿಂತು ನೋಡಿದಿರಿ ಎಂಬುದಿದ್ದರೆ ಸಾಕು. ಗಿರೀಶ ಕಾಸರವಳ್ಳಿಯವರ ಮೊದಲ ಚಿತ್ರ 'ಘಟಶ್ರಾದ್ಧ'ವನ್ನು ನಾಣಿ ಎಂಬ ಪುಟ್ಟ ಹುಡುಗನ ಕಣ್ಣಿನಿಂದಲೂ ನೋಡಬಹುದು, ತಲೆ ಬೋಳಿಸಿಕೊಂಡು ಮರದಡಿ ಕೂತ ಯಮುನಕ್ಕನ ಕಡೆಯಿಂದಲೂ ನೋಡಬಹುದು. ಬದುಕಿರುವ ಮಗಳಿಗೆ ಶ್ರಾದ್ಧ ಮಾಡುವ ಆಕೆಯ ತಂದೆ ಉಡುಪರ ಕಷ್ಟವೂ ಒಂದು ವಯಸ್ಸಿನಲ್ಲಿ ಕಣ್ಣಿಗೆ ಬೀಳುತ್ತದೆ. ಅವರನ್ನು ಕ್ಷಮಿಸಬೇಕೆಂದು ನಾನು ಹೇಳುತ್ತಿಲ್ಲ. ಬರೆದಿಟ್ಟ ಸಾಲುಗಳಿದ್ದರೆ ನೀವು ಎಲ್ಲಿಂದ ಎಲ್ಲಿಗೆ ಬಂದಿರಿ ಎಂಬುದು ನಿಮಗೇ ಗೊತ್ತಾಗುತ್ತದೆ.

ಹೊರದೇಶದ ಪಟ್ಟಿಗಳಿಗೆ ಕೈ ಹಾಕುವ ಮುಂಚೆ 'ಘಟಶ್ರಾದ್ಧ'ವನ್ನೇ ನೋಡಿ. ಯು.ಆರ್. ಅನಂತಮೂರ್ತಿಯವರ ಕಥೆ, ಬಿ.ವಿ. ಕಾರಂತರ ಸಂಗೀತ, 1977ರ ಸ್ವರ್ಣಕಮಲ. ಹಳೆಯ ಪ್ರತಿಯನ್ನು ಫಿಲ್ಮ್ ಹೆರಿಟೇಜ್ ಫೌಂಡೇಶನ್‌ನವರು ಮಾರ್ಟಿನ್ ಸ್ಕಾರ್ಸೆಸೆಯ ಸಂಸ್ಥೆಯ ಜೊತೆ ಸೇರಿ ದುರಸ್ತಿ ಮಾಡಿಸಿ, 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ನಿಮ್ಮ ಊರಿನ ಹತ್ತಿರ ಎಲ್ಲಾದರೂ ದೊಡ್ಡ ಪರದೆಯ ಮೇಲೆ ಹಾಕಿದರೆ ಬಸ್ಸು ಹತ್ತಿಯಾದರೂ ಹೋಗಿ ಬನ್ನಿ. ಟಿಕೆಟ್ಟಿನ ದುಡ್ಡು ಬೇಕಾದರೆ ನಾನು ಕೊಡುತ್ತೇನೆ.