ಹಿತ್ತಲ ತಪ್ಪಲ ಪಲ್ಯ

ಅರಭಾವಿಯಲ್ಲಿ ತೋಟಗಾರಿಕೆ ಕಾಲೇಜು ಇದೆ. ನಮ್ಮ ಹಿತ್ತಲವೂ ಒಂದು ಸಣ್ಣ ತೋಟವೇ.

ಅಕ್ಕ-ತಂಗಿಯರೇ, ಮೆಂತೆ ಬಿತ್ತೋಣ. ಎಲ್ಲಾ ಬೀಜ ಒಂದೇ ದಿನ ಬೇಡ. ಅರ್ಧ ಮಡಿ ಇವತ್ತು. ಇನ್ನರ್ಧ 15 ದಿನ ಬಿಟ್ಟು. ಬಿತ್ತಿದ ದಿನವನ್ನು ಕ್ಯಾಲೆಂಡರಿನಲ್ಲಿ ನಾವೇ ಬರೆಯೋಣ. ನೀರು ಹಾಕೋಣ. ಕಸ ಕೀಳೋಣ. ಸುಮಾರು 30 ದಿನಕ್ಕೆ ಪಲ್ಯ ಕೊಯ್ಲಿಗೆ ಬರುತ್ತದೆ. ಒಂದು ಮಡಿ ಮುಗಿಯುವಷ್ಟರಲ್ಲಿ ಇನ್ನೊಂದು ಬಂದಿರುತ್ತದೆ.

ಮನೆಮಂದಿ ಉಂಡು ಉಳಿದದ್ದು ನಮಗೆ ಅಂತೀವಲ್ಲ? ರಕ್ತ ಕಡಿಮೆ ಆಗೋದೂ ನಮಗೇ ಹೆಚ್ಚು. ತಪ್ಪಲ ಪಲ್ಯದಲ್ಲಿ ಕಬ್ಬಿಣದ ಅಂಶ ಇದೆ. ಅದು ರಕ್ತಕ್ಕೆ ಬೇಕು. ಲಿಂಬೆಹಣ್ಣು ಹಿಂಡಿಕೊಂಡು ಉಂಡರೆ ಅದು ಮೈಗೆ ಚಲೋ ಹತ್ತುತ್ತದೆ. ಎಲ್ಲರಿಗೂ ಬಡಿಸುವಾಗಲೇ ನಮ್ಮ ತಾಟಿಗೂ ಬಡಿಸಿಕೊಳ್ಳೋಣ.

ಲೆಕ್ಕ ಮಾಡಿ ಬರೆಯಿರಿ: ಜೂನ್ 10ಕ್ಕೆ ಬಿತ್ತಿದ ಮೆಂತೆ ಯಾವಾಗ ಕೊಯ್ಲಿಗೆ ಬರುತ್ತದೆ?