ಮೋಟರ್ ತಿರುಗುತ್ತೆ, ಟಾಪ್ ಏಳಲ್ಲ

ಪ್ಯಾಸ್ಕಲ್ ನಿಯಮದ ಪ್ರಶ್ನೆಗೆ ಇಂಟರ್ನಲ್ಸ್‌ನಲ್ಲಿ ನನಗೆ ಫುಲ್ ಮಾರ್ಕ್ಸ್ ಬಂದಿತ್ತು. ಅದಾಗಿ ಎರಡು ವಾರಕ್ಕೆ, ಒಂದು ಭಾನುವಾರ ರಾತ್ರಿ ಹತ್ತು ಗಂಟೆಗೆ, ಅಮೆರಿಕದ ಮಿಶಿಗನ್‌ನಿಂದ ಚಿಕ್ಕಪ್ಪ ವಿಡಿಯೊ ಕಾಲ್ ಮಾಡಿದ್ರು. "ಏನೋ ಇಂಜಿನಿಯರು, ಇದನ್ನ ಸ್ವಲ್ಪ ನೋಡು" ಅಂತ ಫೋನನ್ನು ಅವರ ಹಳೇ ಕಾರಿನ ಕಡೆ ತಿರುಗಿಸಿದರು. 1960ರ ದಶಕದ ಕನ್ವರ್ಟಿಬಲ್. ಬಟ್ಟೆಯ ಟಾಪ್ ಅರ್ಧ ಬಿಚ್ಚಿದ ಕೊಡೆ ಥರ ಮಧ್ಯದಲ್ಲೇ ನಿಂತಿತ್ತು. ಆ ಎತ್ತರಕ್ಕೆ ಗ್ಯಾರೇಜ್ ಒಳಗೂ ಹೋಗಲ್ಲ, ಸಂಜೆಗೆ ಮಳೆ ಬೇರೆ ಇದೆಯಂತೆ. ಅವರಿಗೆ ಆಗ ಮಧ್ಯಾಹ್ನ ಹನ್ನೆರಡೂವರೆ.

"ಪಂಪ್ ಹೋಗಿದೆ, ಹೊಸದು ತರಿಸಿದೀನಿ. ಹೆಂಗೆ ಹಾಕೋದು ಹೇಳು" ಅಂದರು. ಬಾಕ್ಸ್ ಇನ್ನೂ ಒಡೆದಿರಲಿಲ್ಲ. ನಾನು, "ಚಿಕ್ಕಪ್ಪ, ಬಾಕ್ಸ್ ಒಡೀಬೇಡಿ, ಮೊದಲು ಸ್ವಿಚ್ ಒತ್ತಿ ಸೌಂಡ್ ಕೇಳಿಸಿ" ಅಂದೆ. ಧೈರ್ಯದಿಂದಲ್ಲ, ಹೇಳೋಕೆ ಬೇರೇನೂ ಗೊತ್ತಿರಲಿಲ್ಲ!

ಈ ಸಿಸ್ಟಮ್ ಹೇಗಿದೆ ಅಂತ ಮೊದಲು ಹೇಳಿಬಿಡ್ತೀನಿ. ಬಟನ್ ಒತ್ತಿದರೆ ಟಾಪ್ ಮೇಲೇಳೋ ಕಾರುಗಳು 1939ರ ಪ್ಲಿಮತ್‌ನಿಂದ ಶುರು. ಅದು ವ್ಯಾಕ್ಯೂಮ್‌ನಿಂದ ಎತ್ತುತ್ತಿತ್ತು. ಹೈಡ್ರಾಲಿಕ್ ಆಮೇಲೆ ಬಂತು. ಚಿಕ್ಕಪ್ಪನ ಕಾರಲ್ಲಿ ಹಿಂದಿನ ಸೀಟಿನ ಬೆನ್ನಿಗೆ 12 ವೋಲ್ಟ್ ಮೋಟರ್, ಅದಕ್ಕೇ ಅಂಟಿಕೊಂಡ ಪಂಪ್, ಆಯಿಲ್ ತುಂಬೋ ಸಣ್ಣ ಟ್ಯಾಂಕ್. ಅಲ್ಲಿಂದ ಹೋಸ್‌ಗಳು ಎಡಕ್ಕೊಂದು ಬಲಕ್ಕೊಂದು ಇರುವ ಸಿಲಿಂಡರ್‌ಗಳಿಗೆ ಹೋಗುತ್ತವೆ. ಮೋಟರ್ ಒಂದು ದಿಕ್ಕಿಗೆ ತಿರುಗಿದರೆ ಆಯಿಲ್ ಪಿಸ್ಟನ್‌ನ ಕೆಳಗೆ ಬಂದು ರಾಡನ್ನು ತಳ್ಳುತ್ತೆ, ಟಾಪ್ ಏಳುತ್ತೆ. ಉಲ್ಟಾ ತಿರುಗಿದರೆ ಟಾಪ್ ಇಳಿಯುತ್ತೆ. ವಾಲ್ವ್ ಬ್ಲಾಕು, ಸೆನ್ಸರು, ಕಂಪ್ಯೂಟರು ಏನೂ ಇಲ್ಲ. ಹಾಗಾಗಿ ತಪ್ಪು ಇರೋದು ಮೂರೇ ಕಡೆ: ಕರೆಂಟಲ್ಲಿ, ಆಯಿಲಲ್ಲಿ, ಇಲ್ಲಾ ಕಬ್ಬಿಣದ ಫ್ರೇಮಲ್ಲಿ.

ಸೌಂಡು ತುಂಬಾ ಹೇಳುತ್ತೆ. ಮೋಟರ್ ಸುಯ್ ಅಂತ ಹಗುರವಾಗಿ ತಿರುಗಿ ಟಾಪ್ ಅಲುಗಾಡದೇ ಇದ್ದರೆ ಅದಕ್ಕೆ ಲೋಡ್ ಬೀಳ್ತಿಲ್ಲ ಅಂತ: ಆಯಿಲ್ ಖಾಲಿ, ಗಾಳಿ ತುಂಬಿದೆ, ಇಲ್ಲಾ ಪಂಪ್ ನಿಜವಾಗಲೂ ಸವೆದಿದೆ. ನರಳಿಕೊಂಡು ನಿಧಾನಕ್ಕೆ ತಿರುಗಿದರೆ ಒಂದೋ ಲೋಡ್ ಜಾಸ್ತಿ, ಒಂದೋ ವೋಲ್ಟೇಜ್ ಕಮ್ಮಿ. ಚಿಕ್ಕಪ್ಪನ ಮೋಟರ್ ನರಳುತ್ತಿತ್ತು.

ಲೋಡ್ ಜಾಸ್ತಿ ಇದೆಯಾ ಅಂತ ನೋಡೋದು ಸುಲಭ. ಟಾಪ್ ಕೆಳಗೆ ಬೀಳದ ಹಾಗೆ ಮರದ ತುಂಡು ಕೊಟ್ಟು, ಎರಡೂ ಸಿಲಿಂಡರ್ ರಾಡ್‌ಗಳನ್ನ ಫ್ರೇಮಿನಿಂದ ಬಿಚ್ಚಿ, ಇಬ್ಬರು ಸೇರಿ ಕೈಯಲ್ಲಿ ಎತ್ತಿ ನೋಡಬೇಕು. ಪಕ್ಕದ ಮನೆಯವರು ಬಂದರು. ಸಲೀಸಾಗಿ ಎದ್ದಿತು, ಎಲ್ಲೂ ಹಿಡಿಯಲಿಲ್ಲ. ಫ್ರೇಮ್ ಓಕೆ. ಮತ್ತೆ ರಾಡ್ ಸಿಕ್ಕಿಸಿದರು.

ಈಗ ಕರೆಂಟು. ಚಿಕ್ಕಪ್ಪ ಮೋಟರ್ ವೈರ್ ಕನೆಕ್ಟರ್ ಕಿತ್ತು, ವೈರಿಂಗ್ ಕಡೆಯ ಪಿನ್‌ಗೆ ಮಲ್ಟಿಮೀಟರ್ ಇಟ್ಟು, "12.5 ಬರ್ತಿದೆ, ಕರೆಂಟ್ ಸರಿ ಇದೆ" ಅಂದರು. ನಮ್ಮ ಲ್ಯಾಬಲ್ಲೂ ನಾವೆಲ್ಲ ಮಾಡೋ ತಪ್ಪು ಇದೇ. ವೈರ್ ಕಿತ್ತು ಅಳೆದರೆ ಕರೆಂಟ್ ಹರಿಯೋದೇ ಇಲ್ಲ. ಕರೆಂಟ್ ಸೊನ್ನೆ ಆದರೆ ಯಾವ ರೆಸಿಸ್ಟೆನ್ಸಲ್ಲೂ ಡ್ರಾಪ್ ಸೊನ್ನೆ. ತುಕ್ಕು ಹಿಡಿದ ವೈರ್ ಕೂಡ 12.5 ತೋರಿಸುತ್ತೆ. ಕನೆಕ್ಟರ್ ಹಾಕಿ, ಸ್ವಿಚ್ ಒತ್ತಿಕೊಂಡೇ ಅಳೀಬೇಕು. ಹಾಗೆ ಅಳೆದಾಗ ಬ್ಯಾಟರಿ ಹತ್ತಿರ 12.1, ಮೋಟರ್‌ನ ಎರಡು ತುದಿಗಳ ಮಧ್ಯೆ ಬರೀ 7.9. ಉಳಿದ 4.2 ವೋಲ್ಟ್ ದಾರಿಯಲ್ಲಿ ಎಲ್ಲೋ ಹೋಗಿದೆ.

ಎಲ್ಲಿ? ಮೀಟರಿನ ಒಂದು ಕಡ್ಡಿ ಬ್ಯಾಟರಿ ಪ್ಲಸ್‌ಗೆ, ಇನ್ನೊಂದು ಮೋಟರಿನ ಪ್ಲಸ್ ವೈರಿಗೆ: 0.6. ಸ್ವಿಚ್ಚು, ಬ್ರೇಕರ್ರು, ಉದ್ದದ ವೈರು ಎಲ್ಲ ಸೇರಿ ಅಷ್ಟೇ, ಪರವಾಗಿಲ್ಲ. ಆಮೇಲೆ ಮೋಟರಿನ ಅರ್ಥಿಂಗ್ ವೈರಿನಿಂದ ಬ್ಯಾಟರಿ ಮೈನಸ್‌ಗೆ: 3.6! ಅಲ್ಲಿ ಸೊನ್ನೆ ಹತ್ತಿರ ಇರಬೇಕಿತ್ತು. ಮೋಟರ್ 36 ಆಂಪ್ ಎಳೆಯುತ್ತೆ ಅಂತ ಇಟ್ಟುಕೊಂಡರೆ ರೆಸಿಸ್ಟೆನ್ಸ್ ಬರೀ 0.1 ಓಮ್. ಸಾಮಾನ್ಯ ಮೀಟರಲ್ಲಿ ಓಮ್ ಇಟ್ಟು ಅಳೆದಿದ್ರೆ ಇದು ಸಿಗ್ತಾನೇ ಇರಲಿಲ್ಲ, ಮೀಟರಿನ ಕಡ್ಡಿಗಳೇ ಅಷ್ಟು ತೋರಿಸುತ್ತವೆ. ಆದರೆ ಬಿಸಿ ಲೆಕ್ಕ ಹಾಕಿ: 3.6 ಗುಣಿಸು 36, ಸುಮಾರು 130 ವ್ಯಾಟ್. "ಚಿಕ್ಕಪ್ಪ, ಅರ್ಥಿಂಗ್ ಬೋಲ್ಟ್ ಹುಷಾರಾಗಿ ಮುಟ್ಟಿ ನೋಡಿ" ಅಂದೆ. "ಅಯ್ಯೋ, ಕಾದಿದೆ ಕಣೋ!" ಅಂದರು. ನಿಜ ಹೇಳ್ತೀನಿ, ಫುಲ್ ಮಾರ್ಕ್ಸ್ ಬಂದಾಗಲೂ ನನಗೆ ಅಷ್ಟು ಖುಷಿ ಆಗಿರಲಿಲ್ಲ.

ಬೋಲ್ಟ್ ಬಿಚ್ಚಿ, ತುಕ್ಕು, ಪೇಂಟ್ ಎಲ್ಲ ಕೆರೆದು ಬಿಗಿ ಮಾಡಿದರು. ಮೋಟರ್ ಸದ್ದೇ ಬದಲಾಯ್ತು. ಟಾಪ್ ಎದ್ದಿತು, ಆದರೆ ಬಲಗಡೆ ಮುಂದೆ, ಎಡಗಡೆ ಹಿಂದೆ, ಸೊಟ್ಟಗೆ. "ನಿಲ್ಲಿಸಿ, ನಿಲ್ಲಿಸಿ" ಅಂತ ಕಿರುಚಿದೆ. ಯಾಕಂದ್ರೆ, 25 ಮಿಲಿಮೀಟರ್ ಬೋರ್‌ನ ಸಿಲಿಂಡರಿಗೆ 20 ಬಾರ್ ಒತ್ತಡ ಕೊಟ್ಟರೆ ಹತ್ತಿರ ಹತ್ತಿರ 100 ಕೆಜಿ ತೂಕದಷ್ಟು ಬಲ. ಅದು ಒಂದೇ ಕಡೆ ತಳ್ಳಿದರೆ ಫ್ರೇಮ್ ತಿರುಚಿಕೊಳ್ಳುತ್ತೆ. ಮಧ್ಯೆ ಬೆರಳು ಸಿಕ್ಕಿದರೆ ಕಥೆ ಮುಗೀತು.

ಎರಡೂ ಸಿಲಿಂಡರ್ ಪ್ಯಾರಲಲ್‌ನಲ್ಲಿವೆ, ಪಂಪ್ ಒಂದೇ. ಪಂಪ್ ಸವೆದಿದ್ರೆ ಎರಡೂ ಕಡೆ ಒಂದೇ ಥರ ನಿಧಾನ ಆಗ್ಬೇಕು. ಒಂದು ಕಡೆ ಮಾತ್ರ ಹಿಂದೆ ಬಿದ್ದರೆ ಪಂಪಿನ ತಪ್ಪಲ್ಲ. ಎಡಗಡೆ ಪ್ಯಾನೆಲ್ ತೆಗೆದು ನೋಡಿದರೆ ಒಳಗಿನ ಕಾರ್ಪೆಟ್ ಕೆಂಪಗೆ ಒದ್ದೆ. ರಾಡ್ ಹೊರಗೆ ಬರೋ ಜಾಗದ ಸೀಲ್ ಹೋಗಿತ್ತು. ಟಾಪ್ ಇಳಿಯುವಾಗ ಆ ಬದಿಗೆ ಒತ್ತಡ, ಆಯಿಲ್ ಹೊರಗೆ. ಏಳುವಾಗ ಅದೇ ಬದಿಯಿಂದ ಪಂಪ್ ಆಯಿಲ್ ಎಳೆದುಕೊಳ್ಳುತ್ತೆ, ಆಗ ಗಾಳಿ ಒಳಗೆ. ಒಂದೇ ಸೀಲಿನಿಂದ ಎರಡು ತೊಂದರೆ.

ಆಯಿಲ್ ಬಗ್ಗೆ ಒಂದು ಎಚ್ಚರಿಕೆ. ತುಂಬಾ ಹಳೇ ಕಾರುಗಳಲ್ಲಿ ಬ್ರೇಕ್ ಫ್ಲೂಯಿಡ್ ಹಾಕ್ತಿದ್ರು, ಆಮೇಲಿನವುಗಳಲ್ಲಿ ಆಟೊಮ್ಯಾಟಿಕ್ ಟ್ರಾನ್ಸ್‌ಮಿಷನ್ ಫ್ಲೂಯಿಡ್. ಒಂದರ ರಬ್ಬರ್ ಸೀಲ್ ಇನ್ನೊಂದಕ್ಕೆ ಆಗಿ ಬರಲ್ಲ, ಉಬ್ಬಿ ಹಾಳಾಗುತ್ತೆ. ಬ್ರೇಕ್ ಫ್ಲೂಯಿಡ್ ಪೇಂಟನ್ನೂ ಕಿತ್ತುಹಾಕುತ್ತೆ. ಚಿಕ್ಕಪ್ಪ ಮ್ಯಾನ್ಯುಅಲ್ ನೋಡಿ ಟ್ರಾನ್ಸ್‌ಮಿಷನ್ ಫ್ಲೂಯಿಡೇ ಅಂತ ಖಾತ್ರಿ ಮಾಡಿಕೊಂಡರು. ಲೆವೆಲ್ ಕೂಡ ಮ್ಯಾನ್ಯುಅಲ್ ಹೇಳಿದ ಸ್ಥಿತಿಯಲ್ಲೇ ನೋಡಬೇಕು. ರಾಡ್ ಒಳಗೆ ಹೋದಾಗ ತನ್ನ ಗಾತ್ರದಷ್ಟು ಆಯಿಲನ್ನು ಟ್ಯಾಂಕಿಗೆ ವಾಪಸ್ ತಳ್ಳುತ್ತೆ, ಹಾಗಾಗಿ ಟಾಪ್ ಎದ್ದಾಗ ಒಂದು ಲೆವೆಲ್, ಮಡಚಿದಾಗ ಇನ್ನೊಂದು.

ಆವತ್ತಿಗೆ ಆಯಿಲ್ ತುಂಬಿಸಿ, ಪಕ್ಕದ ಮನೆಯವರು ಎಡಗಡೆ ಕೈ ಕೊಟ್ಟು, ಸ್ವಿಚ್ ಸ್ವಲ್ಪ ಸ್ವಲ್ಪ ಒತ್ತಿ ಟಾಪ್ ಪೂರ್ತಿ ಮುಚ್ಚಿದರು. ಇಲ್ಲಿ ರಾತ್ರಿ ಒಂದೂವರೆ. ಬೆಳಿಗ್ಗೆ ಎಂಟಕ್ಕೆ ನನಗೆ ಕ್ಲಾಸ್ ಇತ್ತು, ಹೋಗಲಿಲ್ಲ. ಆ ವಾರ ಸಿಲಿಂಡರ್ ಜೋಡಿಯಾಗೇ ಆರ್ಡರ್ ಮಾಡಿಸಿದೆ, ಒಂದೇ ವಯಸ್ಸಿನ ಇನ್ನೊಂದು ಸೀಲ್ ಎಷ್ಟು ದಿನ ಬರುತ್ತೆ ಹೇಳಿ? ಪಂಪ್ ಬಾಕ್ಸ್ ಒಡೆಯದೇ ಅಂಗಡಿಗೆ ವಾಪಸ್ ಹೋಯ್ತು.